ಮೂಡಣ ಗಾಳಿ ಬೀಸುವ ದಿನಗಳಲ್ಲಿ: ಉತ್ತರ ಕನ್ನಡದ ಬೇಸಿಗೆ ಬೆಂಕಿಗೆ ಮನೆ, ಬೇಣ, ಬೆಟ್ಟ ಸಿದ್ಧಮಾಡುವುದು ಹೇಗೆ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಸೆಖೆಯದೇ ಮಾತು. ಕಾರವಾರದಲ್ಲಿ ಇಷ್ಟು ಡಿಗ್ರಿ, ಅಂಕೋಲೆಯಲ್ಲಿ ಇಷ್ಟು ಡಿಗ್ರಿ ಅಂತ ಫೋನು ನೋಡಿ ಹೇಳುತ್ತಾರೆ. ಆದರೆ ಹುಲ್ಲು ಬೆಳೆಯುವ ಬೇಣಕ್ಕೋ ಗೇರು ಮರಗಳ ಹಕ್ಕಲಿಗೋ ಇವತ್ತು ಬೆಂಕಿ ಬಿದ್ದರೆ ಅದು ಎಷ್ಟು ಜೋರಾಗಿ ಓಡೀತು ಎಂದು ತಿಳಿಯಲು ಡಿಗ್ರಿಯೊಂದೇ ಸಾಲದು. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಅದರಲ್ಲಿ ತೇವ ಎಷ್ಟಿದೆ, ಈ ಎರಡನ್ನು ನೋಡಬೇಕು. ಇದನ್ನು ನೋಡಲು ಕಲಿತವರು ಯಾವ ದಿನ ಬೆಂಕಿಕಡ್ಡಿ ಮುಟ್ಟಬಾರದು, ಯಾವ ದಿನ ಮನೆಯಲ್ಲಿ ಒಬ್ಬರಾದರೂ ಇರಬೇಕು ಎಂಬುದನ್ನು ಬೆಳಗ್ಗೆಯೇ ಹೇಳಬಲ್ಲರು.

ಈ ಬರಹ ಅದಕ್ಕಾಗಿ. ಡಿಸೆಂಬರ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಏನೇನು ಮಾಡಬೇಕು ಎಂಬುದನ್ನು ಆಯಾ ಕೆಲಸ ಬರುವ ಕ್ರಮದಲ್ಲೇ ಬರೆದಿದ್ದೇನೆ.

ನಿಮ್ಮ ಸುತ್ತ ಉರಿಯುವುದು ಏನು?

ಉತ್ತರ ಕನ್ನಡವೆಂದರೆ ಹಸಿರು ಕಾಡು, ಇಲ್ಲಿ ಎಂಥ ಬೆಂಕಿ ಅನ್ನುವವರಿದ್ದಾರೆ. ಕಾಡು ಇರುವುದು ನಿಜ, ಆದರೆ ಅದು ಎಲ್ಲ ಕಡೆ ಒಂದೇ ಥರ ಇಲ್ಲ. ಘಟ್ಟದ ಕಣಿವೆಯಲ್ಲಿ ಹಳ್ಳ ಹರಿಯುವ ಕಡೆ ಇರುವ ನಿತ್ಯಹರಿದ್ವರ್ಣ ಕಾಡಿಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಅದರ ನೆಲ ಮಾರ್ಚಿನಲ್ಲೂ ತಂಪಾಗಿರುತ್ತದೆ.

ಕರಾವಳಿಯ ಕಲ್ಲುಗುಡ್ಡಗಳ ಕಥೆ ಬೇರೆ. ಕಾರವಾರದಿಂದ ಭಟ್ಕಳದವರೆಗೆ ಚಿರೆಕಲ್ಲಿನ ಗುಡ್ಡದ ಮೇಲೆ ಮಳೆಗಾಲದಲ್ಲಿ ಸೊಂಪಾಗಿ ಬೆಳೆದ ಹುಲ್ಲು ಜನವರಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಅದರ ಪಕ್ಕದಲ್ಲೇ ಅಕೇಶಿಯಾ ನೆಡುತೋಪು. ಅಕೇಶಿಯಾದ ಎಲೆ ಬೇಗ ಕೊಳೆಯುವುದಿಲ್ಲ, ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದು ದಪ್ಪ ಹಾಸಿಗೆ ಆಗಿರುತ್ತದೆ. ಅದರ ನಡುವೆ ನಮ್ಮವರು ಕಮ್ಯುನಿಸ್ಟ್ ಗಿಡ ಅನ್ನುವ ಯುಪಟೋರಿಯಂ ಒಣಗಿ ನಿಂತಿದ್ದರೆ, ನೆಲದ ಬೆಂಕಿ ಆ ಗಿಡ ಹಿಡಿದು ಆಳೆತ್ತರಕ್ಕೆ ಏಳುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉರಿಯುವುದು ಬೇಣದ ಕರಡ, ಅಂದರೆ ಒಣಗಿದ ಹುಲ್ಲು, ಮತ್ತು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ. ಇನ್ನು ಬನವಾಸಿ, ಮುಂಡಗೋಡ, ಹಳಿಯಾಳದ ಬಯಲಿನ ಅಂಚಿಗೆ ಹೋದರೆ ಮಳೆ ಕರಾವಳಿಯ ಅರ್ಧದಷ್ಟೂ ಇಲ್ಲ. ಅಲ್ಲಿ ಸಾಗವಾನಿ, ಮತ್ತಿ, ನಂದಿ ಎಲ್ಲ ಎಲೆ ಉದುರಿಸಿ ಬೋಳಾಗಿರುತ್ತವೆ. ಮರದ ಕೆಳಗೆ ನೆರಳೇ ಇರುವುದಿಲ್ಲ, ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಸಾಗವಾನಿಯ ಒಣ ಎಲೆ ದೊಡ್ಡದು. ಉರಿಯುವಾಗ ಗಾಳಿಗೆ ಹಾರಿ ರಸ್ತೆಯ ಆಚೆ ಬದಿಗೂ ಬೆಂಕಿ ಒಯ್ಯುತ್ತದೆ. ಜಿಲ್ಲೆಯಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ಜಾಸ್ತಿ ಇರುವುದು ಈ ಪೂರ್ವದ ಪಟ್ಟಿಯಲ್ಲಿ ಅಂತ ನನ್ನ ಎಣಿಕೆ.

ನಿಮ್ಮ ಮನೆಯಿಂದ ಕೂಗಳತೆಯ ಒಳಗೆ ಇವುಗಳಲ್ಲಿ ಯಾವುದಿದೆ ಎಂದು ಒಮ್ಮೆ ಸುತ್ತು ಹಾಕಿ ನೋಡಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಋತುವಿನ ಅಂದಾಜು

ಭಾರತೀಯ ಹವಾಮಾನ ಇಲಾಖೆ ಪ್ರತಿವರ್ಷ ಫೆಬ್ರುವರಿ ಕೊನೆಯ ಹೊತ್ತಿಗೆ ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಕೊಡುತ್ತದೆ. ಆಮೇಲೆ ಏಪ್ರಿಲ್‌ನಿಂದ ಜೂನ್‌ವರೆಗಿನದು ಬರುತ್ತದೆ. ಸೆಖೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಮುಂಗಾರು ಪೂರ್ವ ಮಳೆ ಹೇಗೆ ಎಂಬುದು ಅದರಲ್ಲಿರುತ್ತದೆ. ಅದು ಇಡೀ ದೇಶದ ನಕ್ಷೆ, ನಿಮ್ಮ ಊರಿನದ್ದಲ್ಲ. ಹಾಗಾಗಿ ಅದರ ಜೊತೆ ಇನ್ನೆರಡು ಸಂಗತಿ ಸೇರಿಸಿ ನೋಡಬೇಕು.

ಒಂದು, ಹಿಂದಿನ ಮಳೆಗಾಲ. 2023ರಲ್ಲಿ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಕಾಯುವ ವಿದ್ಯಮಾನ) ಇತ್ತು, ರಾಜ್ಯಕ್ಕೆ ಬರ ಬಂತು. ಅದರ ಬೆನ್ನಿಗೆ ಬಂದ 2024ರ ಬೇಸಿಗೆಯಲ್ಲಿ ಬಾವಿ, ಹಳ್ಳಗಳು ಬೇಗ ಬತ್ತಿದವು. ಇಂಥ ವರ್ಷ ನೆಲದ ತೇವ ಬೇಗ ಆರುತ್ತದೆ, ಬೆಂಕಿಯ ಕಾಲ ಮುಂಚೆ ಶುರುವಾಗುತ್ತದೆ. ಹಾಗೆಂದು ಒಳ್ಳೆ ಮಳೆಯಾದ ವರ್ಷ ನಿಶ್ಚಿಂತೆ ಅಂತಲೂ ತಿಳಿಯಬಾರದು. ಮಳೆ ಚೆನ್ನಾಗಿ ಆದರೆ ಹುಲ್ಲೂ ಎತ್ತರಕ್ಕೆ ಬೆಳೆಯುತ್ತದೆ, ಒಣಗಿದ ಮೇಲೆ ಉರಿಯಲು ಅಷ್ಟೂ ಜಾಸ್ತಿ ಸಿಗುತ್ತದೆ.

ಎರಡನೆಯದು, ಹುಲ್ಲು ಕೊಯ್ದಿದ್ದೀರೋ ಇಲ್ಲವೋ. ಮೊದಲು ಮನೆ ಮನೆಯಲ್ಲೂ ದನ ಇದ್ದವು, ಬೇಣದ ಕರಡ ಕೊಯ್ದು ತರುತ್ತಿದ್ದರು. ದರಕು ಗುಡಿಸಿ ಕೊಟ್ಟಿಗೆಗೆ ಹಾಸುತ್ತಿದ್ದರು. ಈಗ ಕೊಟ್ಟಿಗೆ ಖಾಲಿ, ಕರಡ ಬೇಣದಲ್ಲೇ ನಿಂತು ಒಣಗುತ್ತದೆ. ಬೆಂಕಿ ಈಗ ಇಷ್ಟು ಜೋರಾಗಿ ಓಡಲು ಇದೂ ದೊಡ್ಡ ಕಾರಣ ಅಂತ ನನಗೆ ಬಲವಾಗಿ ಅನಿಸುತ್ತದೆ. ಇದರ ಬಗ್ಗೆ ನಾವು ಮಾತೇ ಆಡುವುದಿಲ್ಲ.

ದಿನದ ಲೆಕ್ಕ: ಗಾಳಿ ನೋಡುವ ಕ್ರಮ

ಇದು ಇಡೀ ಬರಹದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಕರಾವಳಿಯಲ್ಲಿ ಸಾಮಾನ್ಯ ದಿನ ಹೀಗಿರುತ್ತದೆ. ರಾತ್ರಿ ನೆಲದಿಂದ ಸಮುದ್ರದ ಕಡೆ ತೆಳು ಗಾಳಿ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ಪಡುವಣ ಗಾಳಿ ಏಳುತ್ತದೆ. ಅದು ತೇವ ಹೊತ್ತು ತರುತ್ತದೆ. ಮೈ ಬೆವರಿ ಅಂಟಂಟು ಅನಿಸುತ್ತದೆ. ಆ ಬೆವರಿನ ದಿನ ಬೆಂಕಿಗೆ ಅಷ್ಟು ಒಳ್ಳೆಯದಲ್ಲ, ಅಂದರೆ ನಮಗೆ ಒಳ್ಳೆಯದು.

ಫೆಬ್ರುವರಿ, ಮಾರ್ಚ್‌ನಲ್ಲಿ ಕೆಲವು ದಿನ ಈ ಕ್ರಮ ತಪ್ಪುತ್ತದೆ. ಬಯಲುಸೀಮೆಯ ಕಡೆಯಿಂದ ಮೂಡಣ ಗಾಳಿ ಬಲವಾಗಿ ಬೀಸಿ ಸಮುದ್ರದ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಅದು ಮೊದಲೇ ಒಣ ಗಾಳಿ. ಘಟ್ಟ ಇಳಿಯುವಾಗ ಒತ್ತಿ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಒಣಗುತ್ತದೆ. ಆ ದಿನಗಳಲ್ಲಿಯೇ ಕಾರವಾರ, ಹೊನ್ನಾವರದ ಉಷ್ಣಾಂಶ ಒಮ್ಮೆಗೇ ಏರುತ್ತದೆ. ಏಪ್ರಿಲ್–ಮೇಯಲ್ಲಿ ಇಲ್ಲದ ಉರಿ ಫೆಬ್ರುವರಿಯಲ್ಲಿ ಯಾಕೆ ಅಂತ ಜನ ಆಶ್ಚರ್ಯಪಡುವುದು ಈ ಕಾರಣಕ್ಕೆ. ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಬಯಲಿಗೆ ಈ ಅಳತೆ 40 ಡಿಗ್ರಿ. 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿಗೆ ಇಂಥ ಎಚ್ಚರಿಕೆ ಬಂದಿತ್ತು.

ಘಟ್ಟದ ಮೇಲೆ ಶಿರಸಿಯಲ್ಲಿ ಇದರ ರೂಪ ಸ್ವಲ್ಪ ಬೇರೆ. ಅಲ್ಲಿ ಮೂಡಣ ಗಾಳಿ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಬೀಸುತ್ತದೆ. ಸಮುದ್ರದ ಗಾಳಿ ಘಟ್ಟ ಹತ್ತಿ ಬರುವಾಗ ಸಂಜೆಯ ಹೊತ್ತಾಗುತ್ತದೆ. ಅದು ಬಂದಾಗ ಗಾಳಿ ದಿಕ್ಕು ಬದಲಿಸುತ್ತದೆ. ಇದನ್ನು ನೆನಪಿನಲ್ಲಿಡಿ, ಬೆಂಕಿ ಆರಿಸುವ ಭಾಗದಲ್ಲಿ ಮತ್ತೆ ಬೇಕಾಗುತ್ತದೆ.

ಹಾಗಾದರೆ ಬೆಳಗ್ಗೆ ಏನು ನೋಡಬೇಕು? ಎದ್ದ ಕೂಡಲೇ ಅಂಗಳದ ಹುಲ್ಲು ಮುಟ್ಟಿ ನೋಡಿ. ಇಬ್ಬನಿ ಇದ್ದರೆ ಬಿಸಿಲೇರಿ ಅದು ಆರುವವರೆಗೆ ಬೆಂಕಿ ನಿಧಾನ. ಇಬ್ಬನಿಯೇ ಬಿದ್ದಿಲ್ಲ, ಬೆಳಗಿನ ಜಾವವೇ ತುಟಿ ಒಣಗುತ್ತಿದೆ, ತೆಂಗಿನ ಗರಿ ಪಡುವಣಕ್ಕೆ ವಾಲಿ ಅಲುಗುತ್ತಿದೆ ಅಂದರೆ ಆ ದಿನ ಜೋಪಾನ. ಆಮೇಲೆ ಹತ್ತು ಗಂಟೆಯ ಸುಮಾರಿಗೆ ಬೆಟ್ಟದ ಅಂಚಿಗೆ ಹೋಗಿ ಒಂದು ಹಿಡಿ ದರಕು ಎತ್ತಿ ಮುಷ್ಟಿಯಲ್ಲಿ ಹಿಂಡಿ. ಎಲೆ ಮಡಚಿಕೊಂಡು ಹಾಗೇ ಉಳಿದರೆ ಒಳಗೆ ಇನ್ನೂ ತೇವವಿದೆ. ಚರಚರ ಶಬ್ದ ಮಾಡಿ ಪುಡಿಯಾಗಿ ಬೆರಳ ಸಂದಿಯಿಂದ ಉದುರಿದರೆ, ಒಂದು ಬೀಡಿ ತುಂಡು ಸಾಕು. ಮೇಲಿನ ಪದರ ಮಾತ್ರ ನೋಡಬೇಡಿ. ಕೈ ಒಳಗೆ ಹಾಕಿ ನೆಲಕ್ಕೆ ತಾಗಿದ ಎಲೆಯನ್ನೂ ತೆಗೆದು ಹಿಂಡಿ. ಕೆಳಗಿನದೂ ಪುಡಿಯಾದರೆ ಆ ಬೆಂಕಿಯನ್ನು ಪೂರ್ತಿ ಆರಿಸುವುದು ಬಹಳ ಕಷ್ಟ.

ಫೋನಿನಲ್ಲಿ ನೋಡುವವರು ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ಇಟ್ಟುಕೊಳ್ಳಿ. ರೈತರಿಗೆ ಮೇಘದೂತ್ ಇದೆ, ಅದರಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಬರುತ್ತದೆ. ಆ್ಯಪ್ ಬೇಡ ಅನ್ನುವವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ, 92433 45433ಕ್ಕೆ, ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಏನೇ ಆದರೂ ನೋಡಬೇಕಾದ್ದು ಮೂರು: ಮಧ್ಯಾಹ್ನದ ಗಾಳಿಯ ತೇವ ಶೇಕಡಾ ಎಷ್ಟು, ಗಾಳಿಯ ದಿಕ್ಕು, ಗಾಳಿಯ ವೇಗ.

ಬೇರೆ ದೇಶಗಳಲ್ಲಿ ಕಾಡ್ಗಿಚ್ಚು ಆರಿಸುವವರು ಮೂರು ಮೂವತ್ತರ ಲೆಕ್ಕ ಹೇಳುತ್ತಾರೆ. ಉಷ್ಣಾಂಶ 30 ಡಿಗ್ರಿಗಿಂತ ಮೇಲೆ, ತೇವ ಶೇ. 30ಕ್ಕಿಂತ ಕೆಳಗೆ, ಗಾಳಿ ಗಂಟೆಗೆ 30 ಕಿ.ಮೀ.ಗಿಂತ ಜೋರು. ನಮ್ಮಲ್ಲಿ ಮೊದಲನೆಯದು ಮಾರ್ಚಿನಲ್ಲಿ ದಿನವೂ ಇರುತ್ತದೆ. ಮೂರನೆಯದು ಅಷ್ಟಾಗಿ ಇಲ್ಲ, ಆದರೆ ಗುಡ್ಡದ ಏರು ಆ ಕೆಲಸ ಮಾಡುತ್ತದೆ. ಹಾಗಾಗಿ ನಾನು ಹಿಡಿಯುವ ಗೆರೆ ಇಷ್ಟೇ: ತೇವ ಶೇ. 40ಕ್ಕೆ ಇಳಿದರೆ ಹೊರಗೆ ಎಲ್ಲೂ ಬೆಂಕಿ ಹಚ್ಚುವುದಿಲ್ಲ. ಶೇ. 30ಕ್ಕೆ ಇಳಿದು ಮೂಡಣ ಗಾಳಿಯೂ ಇದ್ದರೆ ಅವತ್ತು ಮನೆ ಬಿಟ್ಟು ಎಲ್ಲರೂ ಹೋಗುವುದಿಲ್ಲ.

ಮನೆ, ಕೊಟ್ಟಿಗೆ, ಅಂಗಳ

ಈ ಕೆಲಸ ಜನವರಿಯಲ್ಲೇ ಮುಗಿಯಬೇಕು. ಮನೆಯ ಸುತ್ತ 30 ಅಡಿಯಾದರೂ ನೆಲ ಚೊಕ್ಕ ಇರಲಿ. ಒಣ ಸೋಗೆ, ಹಾಳೆ, ತೆಂಗಿನ ಮಡಲು ಗೋಡೆಗೆ ಒರಗಿಸಿ ಇಡಬೇಡಿ. ಕಟ್ಟಿಗೆ ರಾಶಿ ಮನೆಗೆ ಅಂಟಿಕೊಂಡು ಇದ್ದರೆ ದೂರ ಸರಿಸಿ, ಆಗದಿದ್ದರೆ ತಗಡು ಮುಚ್ಚಿ.

ಹೆಂಚಿನ ಮಾಡು ನೋಡಲು ಯಾರಾದರೂ ಮೇಲೆ ಹತ್ತಲೇಬೇಕು. ಎರಡು ಮಾಡು ಕೂಡುವ ಓಣಿಯಲ್ಲಿ ಒಣ ಎಲೆ ಸೇರಿರುತ್ತದೆ. ದೂರದ ಬೆಂಕಿಯ ಕಿಡಿ ಹಾರಿ ಬಂದು ಬೀಳುವುದು ಅಲ್ಲಿಗೇ. ಹೆಂಚು ಉರಿಯದು, ಕೆಳಗಿನ ಮರದ ಪಕಾಸು ರೀಪು ಉರಿಯುತ್ತದೆ.

ಹುಲ್ಲು ಕುತ್ರಿಯ (ಬಣವೆಯ) ಜಾಗ ಬಹಳ ಮುಖ್ಯ. ಬಚ್ಚಲ ಒಲೆಯ ಹೊಗೆ ಹೋಗುವ ಕಡೆ, ವಿದ್ಯುತ್ ತಂತಿಯ ಕೆಳಗೆ, ರಸ್ತೆ ಪಕ್ಕ ಕುತ್ರಿ ಬೇಡ. ಸಾಧ್ಯವಾದರೆ ಒಂದು ದೊಡ್ಡ ಕುತ್ರಿಯ ಬದಲು ಎರಡು ಸಣ್ಣದು ಮಾಡಿ, ನಡುವೆ ಜಾಗ ಬಿಡಿ. ಒಂದು ಹೋದರೂ ಇನ್ನೊಂದು ದನಗಳಿಗೆ ಉಳಿಯುತ್ತದೆ.

ನೀರಿನ ವಿಷಯದಲ್ಲಿ ಅಡಿಕೆ ತೋಟದವರಿಗೆ ಒಂದು ಅನುಕೂಲವಿದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಪಂಪು ಬೇಸಿಗೆಯಲ್ಲಿ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಚೆನ್ನಾಗಿ ತೊಳೆದು, ವಾಷರ್ ಬದಲಿಸಿ, ಬರಿ ನೀರು ತುಂಬಿ ಒಮ್ಮೆ ಹೊಡೆದು ನೋಡಿ. ಬೆನ್ನಿಗೆ ಹಾಕುವ ಪಂಪು ಇದ್ದರೆ ಇನ್ನೂ ಒಳ್ಳೆಯದು, ಬೆಟ್ಟದ ಅಂಚಿನವರೆಗೂ ಹೊತ್ತುಕೊಂಡು ಹೋಗಬಹುದು. ಬಾವಿಯ ಕರೆಂಟ್ ಮೋಟಾರ್ ನಂಬಿ ಕೂರಬೇಡಿ. ಬೆಂಕಿ ಬಿದ್ದಾಗ ಲೈನ್ ತೆಗೆಯುತ್ತಾರೆ, ಇಲ್ಲವೇ ಲೈನೇ ಬಿದ್ದಿರುತ್ತದೆ. ಒಂದು ಟ್ಯಾಂಕ್ ಅಥವಾ ಎರಡು ಡ್ರಮ್ ನೀರು ಬೇಸಿಗೆ ಪೂರ್ತಿ ತುಂಬಿಯೇ ಇರಲಿ, ಪಕ್ಕದಲ್ಲಿ ಎರಡು ಕೊಡಪಾನ.

ಹಾದುಹೋಗುವ ವಿದ್ಯುತ್ ತಂತಿ ಜೋತುಬಿದ್ದಿದೆಯೇ, ಮರದ ಕೊಂಬೆಗೆ ತಾಗುತ್ತಿದೆಯೇ ನೋಡಿ. ಗಾಳಿಗೆ ಎರಡು ತಂತಿ ತಗುಲಿ ಕಿಡಿ ಉದುರಿದರೆ ಕೆಳಗಿನ ಕರಡಕ್ಕೆ ಅಷ್ಟೇ ಸಾಕು. 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಂಬೆಯನ್ನು ನೀವೇ ದೋಟಿ ಹಿಡಿದು ಸವರಲು ಹೋಗಬೇಡಿ. ಪ್ರಾಣಕ್ಕೆ ಅಪಾಯ.

ಬೇಣ ಮತ್ತು ಬೆಟ್ಟಕ್ಕೆ ಬೆಂಕಿ ರೇಖೆ

ಬೆಂಕಿ ರೇಖೆ ಎಂದರೆ ಉರಿಯುವ ಯಾವ ವಸ್ತುವೂ ಇಲ್ಲದ ನೆಲದ ಪಟ್ಟಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಹುಲ್ಲು ಅರೆಹಸಿರು ಇರುವಾಗಲೇ ಇದನ್ನು ಮಾಡಬೇಕು. ಹುಲ್ಲಿನ ಬೇಣಕ್ಕೆ 10ರಿಂದ 15 ಅಡಿ ಅಗಲ ಬೇಕು. ಎತ್ತರದ ಕರಡ ಇದ್ದರೆ, ಏರಿನ ಮೇಲಿದ್ದರೆ ಇನ್ನೂ ಜಾಸ್ತಿ. ಹುಲ್ಲನ್ನು ಕೊಯ್ದು ಅಲ್ಲೇ ಬಿಡುವುದು ಕೆಲವರ ಅಭ್ಯಾಸ. ಹಾಗೆ ಬಿಟ್ಟರೆ ರೇಖೆ ಮಾಡಿದ್ದು ವ್ಯರ್ಥ, ಕೊಯ್ದ ಹುಲ್ಲು ನಿಂತ ಹುಲ್ಲಿಗಿಂತ ಬೇಗ ಒಣಗುತ್ತದೆ. ಹೊತ್ತು ತಂದು ಕೊಟ್ಟಿಗೆಗೋ ತೋಟದ ಮುಚ್ಚಿಗೆಗೋ ಹಾಕಿ.

ಹೊಸದಾಗಿ ಗೆರೆ ಹಾಕುವ ಬದಲು ಇರುವುದನ್ನೇ ಬಳಸಿಕೊಳ್ಳಿ. ಕಾಲುದಾರಿ, ಗಾಡಿದಾರಿ, ಅಗಳ (ಕಂದಕ), ಹಳ್ಳ, ಕಲ್ಲುಹಾಸು, ಗದ್ದೆಯ ಅಂಚು. ಅವುಗಳ ಎರಡೂ ಬದಿ ಸವರಿ ಅಗಲ ಮಾಡಿದರೆ ಅರ್ಧ ಆಳಿನಲ್ಲಿ ಕೆಲಸ ಮುಗಿಯುತ್ತದೆ.

ಸೊಪ್ಪಿನ ಬೆಟ್ಟದಲ್ಲಿ ರೇಖೆ ಒಮ್ಮೆ ಮಾಡಿದರೆ ಸಾಲದು. ಮತ್ತಿ, ನಂದಿ ಮಾರ್ಚ್‌ವರೆಗೂ ಎಲೆ ಉದುರಿಸುತ್ತಲೇ ಇರುತ್ತವೆ. ಹದಿನೈದು ದಿನಕ್ಕೊಮ್ಮೆ ಗುಡಿಸಬೇಕು. ಇಡೀ ಬೆಟ್ಟದ ದರಕನ್ನು ಬಾಚಿ ತರಬೇಕು ಅಂತಲ್ಲ, ಹಾಗೆ ಮಾಡಿದರೆ ಮಣ್ಣು ಬತ್ತಲಾಗಿ ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ತೋಟದ ಕಡೆಯ ಅಂಚು, ರಸ್ತೆ ಕಡೆಯ ಅಂಚು, ಇವೆರಡರ ದರಕನ್ನು ಗೊಬ್ಬರಕ್ಕೆ ತಂದರೆ ಸಾಕು. ಮಧ್ಯದ್ದು ಮರಕ್ಕೇ ಇರಲಿ.

ಈಗ ಎಲ್ಲರೂ ಹುಲ್ಲು ಕೊಚ್ಚುವ ಯಂತ್ರ ಬಳಸುತ್ತಾರೆ. ಚಿರೆಕಲ್ಲಿನ ನೆಲದಲ್ಲಿ ಅದರ ಉಕ್ಕಿನ ಬ್ಲೇಡ್ ಕಲ್ಲಿಗೆ ಬಡಿದರೆ ಕಿಡಿ ಹಾರುತ್ತದೆ. ಬಿಸಿಯಾದ ಸೈಲೆನ್ಸರ್ ಒಣ ಹುಲ್ಲಿಗೆ ತಾಗಿದರೂ ಸಾಕು. ಫೆಬ್ರುವರಿ ನಂತರ ಈ ಯಂತ್ರವನ್ನು ಇಬ್ಬನಿ ಇರುವ ಬೆಳಗಿನ ಹೊತ್ತು ಮಾತ್ರ ಓಡಿಸಿ. ಪೆಟ್ರೋಲ್ ತುಂಬುವಾಗ ಬರಿ ನೆಲದ ಮೇಲೆ ಇಟ್ಟು, ತಣಿದ ಮೇಲೆ ತುಂಬಿ.

ರೇಖೆ ಮಾಡಲು ಬೆಂಕಿ ಹಚ್ಚುವುದು ಅರಣ್ಯ ಇಲಾಖೆಯವರು ಮಾಡುವ ಕೆಲಸ. ಅದಕ್ಕೆ ಜನ, ನೀರು, ಸಮಯದ ಲೆಕ್ಕ ಎಲ್ಲ ಬೇಕು. ಸೊಪ್ಪಿನ ಬೆಟ್ಟ ನಮ್ಮದು ಅಂತ ನಾವು ಹೇಳಿಕೊಂಡರೂ ಅಲ್ಲಿ ಮನಸ್ಸಿಗೆ ಬಂದಂತೆ ಬೆಂಕಿ ಹಚ್ಚಲು ಆಗದು. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನವರಿಗೆ 1972ರ ವನ್ಯಜೀವಿ ಕಾಯ್ದೆಯೂ ಇದೆ. ನಿಮ್ಮೂರಿನ ಗ್ರಾಮ ಅರಣ್ಯ ಸಮಿತಿ ಚುರುಕಾಗಿದ್ದರೆ ಜನವರಿಯಲ್ಲೇ ಸಭೆ ಸೇರಿಸಿ, ಯಾವ ರೇಖೆ ಇಲಾಖೆಯದು, ಯಾವುದು ಊರಿನದು ಅಂತ ಹಂಚಿಕೊಳ್ಳಿ.

ಬೇಣ ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅನ್ನುವ ಮಾತು ಇನ್ನೂ ಇದೆ. ಸುಟ್ಟ ಮೇಲೆ ಎಳೆ ಚಿಗುರು ಕಾಣುವುದು ಹೌದು. ಆದರೆ ವರ್ಷ ವರ್ಷ ಸುಟ್ಟರೆ ಮಣ್ಣಿನ ಮೇಲ್ಪದರ ಕಲ್ಲಾಗುತ್ತದೆ, ನೆಲ್ಲಿ, ಮುರುಗಲು, ಕೌಲು ಯಾವುದರ ಸಸಿಯೂ ಮೇಲೆ ಬರುವುದಿಲ್ಲ. ಬೆಂಕಿ ತಾಳಿಕೊಳ್ಳುವ ಗಟ್ಟಿ ಹುಲ್ಲು, ಕಮ್ಯುನಿಸ್ಟ್ ಗಿಡ ಮಾತ್ರ ಉಳಿಯುತ್ತವೆ. ಅವೇ ಮುಂದಿನ ವರ್ಷದ ಬೆಂಕಿಗೆ ಮೇವು.

ನಮ್ಮ ಕೈಯಿಂದಲೇ ಹತ್ತುವ ಬೆಂಕಿ

ನಮ್ಮಲ್ಲಿ ಕಾಡ್ಗಿಚ್ಚು ಹೆಚ್ಚುಪಾಲು ಮನುಷ್ಯರ ಕೈಯಿಂದಲೇ ಆಗುವುದು. ಸಿಡಿಲಿಗೆ ಹತ್ತುವುದು ಅಪರೂಪ, ಸಿಡಿಲಿನ ಜೊತೆ ಮಳೆಯೂ ಬರುತ್ತದಲ್ವಾ.

ಬೂದಿ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅಡಿಕೆ ಬೇಯಿಸಿದ ಒಲೆ, ಆಲೆಮನೆಯ ಒಲೆ, ಬಚ್ಚಲ ಒಲೆ, ಇವುಗಳ ಬೂದಿಯನ್ನು ಮರುದಿನ ಬೆಳಗ್ಗೆ ಬುಟ್ಟಿಯಲ್ಲಿ ತುಂಬಿ ಹಿತ್ತಲ ಗಿಡದ ಬುಡಕ್ಕೆ ಸುರಿಯುತ್ತೇವೆ. ಮೇಲೆ ತಣ್ಣಗೆ ಕಂಡರೂ ಒಳಗಿನ ಕೆಂಡ ಎರಡು ದಿನ ಜೀವ ಹಿಡಿದಿರುತ್ತದೆ. ಮಧ್ಯಾಹ್ನದ ಗಾಳಿಗೆ ಬೂದಿ ಹಾರಿ ಕೆಂಡ ಬತ್ತಲಾದಾಗ ಪಕ್ಕದ ದರಕು ಹತ್ತಿಕೊಳ್ಳುತ್ತದೆ. ಬೂದಿಯನ್ನು ಒಂದು ತಗಡಿನ ಡಬ್ಬಿಗೆ ಹಾಕಿ ನೀರು ಸುರಿದು ಕಲಸಿ. ಅಂಗೈಯ ಹಿಂಬದಿ ಹತ್ತಿರ ಹಿಡಿದಾಗ ಬಿಸಿ ತಾಗಬಾರದು. ಆಮೇಲೆ ಗಿಡಕ್ಕೆ ಹಾಕಿ.

ಅಡಿಕೆ ಸಿಪ್ಪೆ ರಾಶಿಗೆ ಬೆಂಕಿ ಕೊಡುವುದು ಇನ್ನೊಂದು. ಅದು ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಸಿಪ್ಪೆಯನ್ನು ಗೊಬ್ಬರಗುಂಡಿಗೆ ಹಾಕಿ ಸಗಣಿ ನೀರು ಬಿಟ್ಟರೆ ನಿಧಾನಕ್ಕಾದರೂ ಒಳ್ಳೆ ಗೊಬ್ಬರ ಆಗುತ್ತದೆ. ಜೇನು ಕೀಳಲು ಸೂಡಿ (ಪಂಜು) ಒಯ್ಯುವವರು ಇದ್ದರೆ, ಸೂಡಿಯನ್ನು ಕಾಡಿನಲ್ಲೇ ಎಸೆಯದೆ ನೀರಿಗೆ ಅದ್ದಿ ವಾಪಸ್ ತರಲು ಹೇಳಿ. ಯಾಣದ ಜಾತ್ರೆ, ಗೋಕರ್ಣದ ಶಿವರಾತ್ರಿ, ಹೋಳಿ ಎಲ್ಲ ಬೆಂಕಿಯ ಕಾಲದಲ್ಲೇ ಬರುತ್ತವೆ. ದೇವಿಮನೆ, ಅರಬೈಲ್ ಘಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಒಲೆ ಹೂಡುವವರನ್ನು ಕಂಡರೆ ಇಳಿದು ಹೇಳಿ. ಜಗಳ ಮಾಡುವುದು ಬೇಡ, ಒಂದು ಬಾಟಲಿ ನೀರು ಕೊಟ್ಟು, ಹೊರಡುವಾಗ ಇದನ್ನು ಸುರಿದು ಹೋಗಿ ಮಾರಾಯ್ರೆ ಅಂದರೆ ಹೆಚ್ಚಿನವರು ಕೇಳುತ್ತಾರೆ.

ಹೊಗೆ ಕಂಡಾಗ

ಮೊದಲು ಫೋನ್. ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ ದಳ 101, ಯಾವುದೂ ನೆನಪಾಗದಿದ್ದರೆ 112. ನಿಮ್ಮ ಭಾಗದ ಫಾರೆಸ್ಟರ್ ಮತ್ತು ಗಾರ್ಡ್ ನಂಬರ್ ಜನವರಿಯಲ್ಲೇ ತೆಗೆದುಕೊಂಡು ಗೋಡೆಯ ಮೇಲೆ ಬರೆದಿಡಿ. ಹೇಳುವಾಗ ಊರು, ಮಜಿರೆ (ಊರಿಗೆ ಸೇರಿದ ಸಣ್ಣ ಕೇರಿ), ಗುಡ್ಡದ ಹೆಸರು, ಗಾಡಿ ಎಲ್ಲಿವರೆಗೆ ಬರುತ್ತದೆ, ಉರಿಯುತ್ತಿರುವುದು ಹುಲ್ಲೋ ನೆಡುತೋಪೋ, ಗಾಳಿ ಯಾವ ಕಡೆಗೆ, ಹತ್ತಿರದಲ್ಲಿ ಮನೆ ಇದೆಯೇ ಎಂದು ಹೇಳಿ. ನಮ್ಮ ಕಡೆ ಎಷ್ಟೋ ಮಜಿರೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಎಲ್ಲಿ ನಿಂತರೆ ಸಿಗುತ್ತದೆ, ಅಲ್ಲಿಗೆ ಯಾರು ಓಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಉಪಗ್ರಹ ನೋಡಿ ಹೇಳುತ್ತದಂತೆ ಅಂತ ಸುಮ್ಮನೆ ಕೂರಬೇಡಿ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಬೆಂಕಿಯ ಎಚ್ಚರಿಕೆ ಕಳಿಸುತ್ತದೆ. ವನ್ ಅಗ್ನಿ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಯಾರಿಗಾದರೂ ಫೋನಿಗೆ ಸಂದೇಶ ಬರುತ್ತದೆ. ಅದು ಒಳ್ಳೆಯ ವ್ಯವಸ್ಥೆ, ನೋಂದಾಯಿಸಿ. ಆದರೆ ಆ ಉಪಗ್ರಹಗಳು ನಮ್ಮ ತಲೆ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಅವುಗಳಲ್ಲಿ ಮುಖ್ಯವಾದ ಒಂದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ ಹಾಯುತ್ತದೆ, ಅದರ ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್ ಅಗಲ. ಮೂರು ಗಂಟೆಗೆ ಹತ್ತಿದ ಬೇಣದ ಬೆಂಕಿ ಸಂಜೆಗೆ ಬೆಟ್ಟ ಸೇರಿರುತ್ತದೆ. ಅದನ್ನು ಮೊದಲು ನೋಡುವವರು ಆ ಊರಿನವರೇ.

ಬಡಿದು ಆರಿಸುವ ಮುನ್ನ

ಜ್ವಾಲೆ ಮೊಣಕಾಲಿಗಿಂತ ಕೆಳಗಿದ್ದರೆ, ನೀವು ನಾಲ್ಕಾರು ಮಂದಿ ಇದ್ದರೆ, ಆರಿಸಲು ಹೋಗಿ. ಸೊಂಟದೆತ್ತರ ಬಂದಿದ್ದರೆ ಹತ್ತಿರ ಹೋಗಬೇಡಿ. ದೂರದಲ್ಲಿ ರೇಖೆ ಅಗಲ ಮಾಡುವುದೊಂದೇ ಆಗ ದಾರಿ. ಒಬ್ಬರೇ ಹೋಗುವುದು ಯಾವತ್ತೂ ಬೇಡ.

ಹತ್ತಿಯ ಬಟ್ಟೆ, ಉದ್ದ ತೋಳಿನ ಅಂಗಿ, ಬೂಟು. ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಒದ್ದೆ ಟವೆಲ್ ಮೂಗಿಗೆ. ಕೈಯಲ್ಲಿ ಎಲೆ ತುಂಬಿದ ಹಸಿ ಕೊಂಬೆ ಅಥವಾ ನೆನೆಸಿದ ಸೆಣಬಿನ ಗೋಣಿ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ. ಕೊಂಬೆಯನ್ನು ಎತ್ತಿ ರಭಸದಿಂದ ಬಡಿದರೆ ಕಿಡಿ ಹಾರಿ ಹಿಂದೆ ಬೀಳುತ್ತದೆ. ಕೆಳಗೆ ಒತ್ತಿ, ಉರಿದುಹೋದ ಕಡೆಗೆ ಎಳೆಯಬೇಕು.

ಬೆಂಕಿ ಏರಿನಲ್ಲಿ ಬಹಳ ಬೇಗ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಇದನ್ನು ಬಲ್ಲವರ ಲೆಕ್ಕ. ಹಾಗಾಗಿ ಬೆಂಕಿಯ ಮೇಲ್ಗಡೆ, ಗುಡ್ಡದ ನೆತ್ತಿಯಲ್ಲಿ ಎದುರು ನಿಲ್ಲಬಾರದು. ಅದು ಶುರುವಾದ ಜಾಗದಿಂದ, ಹಿಂದಿನಿಂದ ಹೊರಟು ಪಕ್ಕದ ಅಂಚನ್ನು ಆರಿಸುತ್ತಾ ಮುಂದೆ ಹೋಗಬೇಕು. ಏನಾದರೂ ಆದರೆ ಓಡಬೇಕಾದ್ದು ಆಗಲೇ ಸುಟ್ಟು ಕಪ್ಪಾದ ನೆಲದ ಕಡೆಗೆ. ಅಲ್ಲಿ ಇನ್ನು ಉರಿಯಲು ಏನೂ ಇರುವುದಿಲ್ಲ. ಹೊರಡುವ ಮೊದಲೇ ಆ ದಾರಿ ಎಲ್ಲರಿಗೂ ತೋರಿಸಿ.

ಗಾಳಿ ತಿರುಗುವ ಹೊತ್ತು ನೆನಪಿದೆಯಲ್ಲ? ಮೂಡಣ ಗಾಳಿಗೆ ಬೆಂಕಿ ಪಡುವಣಕ್ಕೆ ಓಡುತ್ತಿರುತ್ತದೆ. ನೀವು ಅದರ ಹಿಂದೆ, ಪೂರ್ವದ ಕಡೆ ನಿಂತು ಸಣ್ಣ ಉರಿ ಬಡಿಯುತ್ತಿರುತ್ತೀರಿ. ಆ ಕಡೆ ಇನ್ನೂ ಸುಡದ ಹುಲ್ಲಿದ್ದು ಸಮುದ್ರದ ಗಾಳಿ ಬಂತೆಂದರೆ, ಅಷ್ಟು ಹೊತ್ತು ಮಲಗಿದ್ದ ಆ ಸಣ್ಣ ಉರಿಯೇ ಎದ್ದು ನಿಮ್ಮ ಮೇಲೆ ಬರುತ್ತದೆ. ಬಿಸಿಗಾಳಿ ಒಮ್ಮೆಗೇ ನಿಂತು ಎಲೆ ಅಲುಗದೆ ಇರುವುದು ಇದರ ಮುನ್ಸೂಚನೆ. ಆಗ ಎಲ್ಲರನ್ನೂ ಕರೆದು ಕಪ್ಪು ನೆಲಕ್ಕೆ ಸರಿಯಿರಿ. ಕರಾವಳಿಯಲ್ಲಿ ಇದು ಮಧ್ಯಾಹ್ನಕ್ಕೆ, ಘಟ್ಟದ ಮೇಲೆ ಸಂಜೆಗೆ.

ಎದುರು ಬೆಂಕಿ ಕೊಡುವುದನ್ನು, ಅಂದರೆ ಬರುವ ಬೆಂಕಿಯ ಎದುರಿನ ಹುಲ್ಲನ್ನು ಬೇಕೆಂದೇ ಮೊದಲೇ ಸುಡುವುದನ್ನು, ನೋಡಿ ಕಲಿತವರು ಊರಲ್ಲಿ ಒಬ್ಬಿಬ್ಬರು ಇರುತ್ತಾರೆ. ಆದರೂ ಇಲಾಖೆಯವರು ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಗಾಳಿ ತಿರುಗಿದರೆ ಒಂದು ಬೆಂಕಿ ಎರಡಾಗುತ್ತದೆ.

ಮನೆಯಲ್ಲಿ ಉಳಿದವರ ಕೆಲಸ ಬೇರೆ ಇದೆ. ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿ ಗದ್ದೆ ಬಯಲಿಗೆ ಅಟ್ಟಿ. ಗ್ಯಾಸ್ ಸಿಲಿಂಡರ್ ಮುಚ್ಚಿ ಹೊರಗಿಡಿ. ವಯಸ್ಸಾದವರನ್ನು, ಉಬ್ಬಸ ಇರುವವರನ್ನು ಹೊಗೆ ಬರುವ ಮೊದಲೇ ಬೇರೆ ಮನೆಗೆ ಕಳಿಸಿ. ತೋಟದ ಜೆಟ್ಟು (ಸ್ಪ್ರಿಂಕ್ಲರ್) ಬಿಟ್ಟು ಅಂಚು ನೆನೆಸಿ. ಯಾರಿಗಾದರೂ ಸುಟ್ಟರೆ ತಣ್ಣೀರನ್ನು 20 ನಿಮಿಷ ಹರಿಸುತ್ತಿರಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ, ಸ್ವಚ್ಛ ಬಟ್ಟೆ ಮುಚ್ಚಿ 108ಕ್ಕೆ ಫೋನ್ ಮಾಡಿ.

ಆರಿದ ಮೇಲೆ, ಮತ್ತು ಮೊದಲ ಮಳೆಯ ಮೇಲೆ

ಜ್ವಾಲೆ ಹೋದ ಮೇಲೆ ಎಲ್ಲರೂ ಚಹಾ ಕುಡಿಯಲು ಮನೆಗೆ ಬರುತ್ತಾರೆ, ಬೆಂಕಿ ರಾತ್ರಿ ಮತ್ತೆ ಏಳುತ್ತದೆ. ಒಣ ಬೊಡ್ಡೆ, ಟೊಳ್ಳು ಮರ, ಬಿದಿರು ಮೆಳೆಯ ಬುಡ, ಅಕೇಶಿಯಾ ಎಲೆಯ ದಪ್ಪ ಪದರ, ಇವೆಲ್ಲ ಒಳಗೇ ಉರಿಯುತ್ತಿರುತ್ತವೆ. ಅಂಚಿನಿಂದ ಒಳಗೆ ನೂರಡಿಯಷ್ಟಾದರೂ ಇಂಥವನ್ನು ಹುಡುಕಿ, ಕೆದಕಿ, ನೀರು ಹಾಕಿ ಮಣ್ಣು ಮುಚ್ಚಿ. ಇಳಿಜಾರಿನಲ್ಲಿ ಉರಿಯುವ ಮರದ ಕುಂಟೆ (ದಿಮ್ಮಿ) ಉರುಳಿ ಕೆಳಗಿನ ಬೇಣಕ್ಕೆ ಬೀಳದಂತೆ ಅಡ್ಡ ಅಗಳ ತೋಡಿ. ಎರಡು ದಿನ ಸರದಿ ಕಾವಲು ಬೇಕು, ಮುಖ್ಯವಾಗಿ ಮರುದಿನ ಹನ್ನೊಂದರಿಂದ ನಾಲ್ಕರವರೆಗೆ. ತೋಟ, ಕುತ್ರಿ, ಕೊಟ್ಟಿಗೆ ಸುಟ್ಟಿದ್ದರೆ ಏನನ್ನೂ ಎತ್ತುವ ಮೊದಲು ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ.

ಏಪ್ರಿಲ್ ಮಧ್ಯದಿಂದ ಶಿರಸಿ, ಮುಂಡಗೋಡದ ಕಡೆ ಸಂಜೆ ಗುಡುಗು ಮಳೆ ಶುರುವಾಗುತ್ತದೆ. ಆಗ ಕಾವಲು ಸಡಿಲವಾಗುತ್ತದೆ. ಆದರೆ ಒಂದು ಹದ ಮಳೆಗೆ ನೆನೆದ ಹುಲ್ಲು ಮರುದಿನದ ಬಿಸಿಲಿಗೆ ಒಣಗುತ್ತದೆ, ದರಕಿನ ಮೇಲ್ಪದರ ಎರಡು ದಿನಕ್ಕೆ. ಕರಾವಳಿಗೆ ಈ ಮಳೆ ಎಷ್ಟೋ ಸಲ ಇಳಿಯುವುದೇ ಇಲ್ಲ. ಬೇಣದ ಬುಡದಲ್ಲಿ ಹಸಿರು ಚಿಗುರು ಬೆರಳುದ್ದ ಬರುವವರೆಗೆ ರೇಖೆ ಗುಡಿಸುವುದನ್ನು, ಡ್ರಮ್ ತುಂಬುವುದನ್ನು ನಿಲ್ಲಿಸಬೇಡಿ. ಕರಾವಳಿಯಲ್ಲಾದರೆ ಜೂನ್ ಮೊದಲ ವಾರ ಮುಂಗಾರು ಹಿಡಿಯುವ ತನಕ. ಸುಟ್ಟ ಗುಡ್ಡಕ್ಕೆ ಆ ವರ್ಷದ ಮಳೆಗಾಲದಲ್ಲಿ ದನ ಬಿಡಬೇಡಿ. ಬುಡದಿಂದ ಒಡೆದ ಮತ್ತಿ, ಹೊನ್ನೆಯ ಕುಡಿಗಳಲ್ಲಿ ನೆಟ್ಟಗಿರುವ ಒಂದನ್ನು ಬಿಟ್ಟು ಉಳಿದವನ್ನು ಸವರಿದರೆ, ಎರಡು ಮೂರು ಮಳೆಗಾಲದಲ್ಲಿ ಅದು ತಲೆ ಎತ್ತಿ ನೆಲಕ್ಕೆ ಮತ್ತೆ ನೆರಳು ಕೊಡುತ್ತದೆ.